ಬಾಲದ ಕೆಂಪು ಬಣ್ಣ

ಯಾವ ವಸ್ತು ಕೈಗೆ ಸಿಕ್ಕರೂ ಅವರು ಅದನ್ನು ಅಂಗೈಯಲ್ಲಿಟ್ಟು ಒಂದೆರಡು ಸಲ ಮೇಲೆ ಕೆಳಗೆ ಆಡಿಸಿ ನೋಡುತ್ತಿದ್ದರು. ಸ್ಟೀಲ್ ಲೋಟವಾಗಲಿ, ಮಲ್ಲಿಗೆ ಮಾಲೆಯಾಗಲಿ, ಅಂಗಡಿಯ ಕರಿಮೀನಾಗಲಿ, ಮೊದಲು ತೂಕ, ಆಮೇಲೆ ಉಳಿದದ್ದು. ಕಣ್ಣು ಮುಚ್ಚಿ ಇಷ್ಟು ಗ್ರಾಂ ಎಂದು ಹೇಳಿ, ಅಕ್ಕಸಾಲಿಗರ ಹತ್ತಿರ ಇರುವಂಥ ಪುಟ್ಟ ಬ್ಯಾಟರಿ ತಕ್ಕಡಿಯನ್ನು ಅಂಗಿಯ ಜೇಬಿನಿಂದ ತೆಗೆದು ಪರೀಕ್ಷಿಸುವರು. ಸರಿಬಂದರೆ ಹುಬ್ಬು ಹಾರಿಸುವರು, ತಪ್ಪಾದರೆ ತಕ್ಕಡಿಯನ್ನು ಬೈಯುವರು. ಎರ್ನಾಕುಲಂ ಮಾರುಕಟ್ಟೆಯ ಮೀನಿನ ಹೆಂಗಸರು ಅವರನ್ನು ಕಂಡರೆ ನಗುತ್ತಿದ್ದರು. ಕೊಳ್ಳದೆ ಬರೀ ತೂಗಿ ಹೋಗುವ ಗಿರಾಕಿ ಇವರೊಬ್ಬರೇ.

ಹೋದ ವಾರ ಇಟಲಿಯಿಂದ ಅವರ ತಂಗಿಯ ಮಗಳು ಫೋನ್ ಮಾಡಿ, ಮಾವ ತೀರಿಕೊಂಡರು ಎಂದಳು. ಸುದ್ದಿ ಕೇಳಿ ನಾನು ಕಣ್ಣೀರು ಹಾಕಿದೆ ಎಂದರೆ ಸುಳ್ಳಾಗುತ್ತದೆ. ಮೊದಲು ಬಂದದ್ದು ಸಿಟ್ಟು. ಜನ್ಮವಿಡೀ ಗ್ರಾಂ ಗ್ರಾಂ ಎಂದು ಬಡಿದಾಡಿದ ಮನುಷ್ಯ ಹೋಗುವಾಗ ನನ್ನ ತಲೆಯ ಮೇಲೆ ಒಂದು ಮೂಟೆ ಹೊರಿಸಿ ಹೋದರು. ಅದನ್ನು ಇಳಿಸುವ ಜಾಗ ನನಗೆ ಸಿಕ್ಕಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹಾಗೆ ನೋಡಿದರೆ ಅವರು ಮಾಡಿದ ವಿಮಾನಗಳ ಮೇಲೂ ಅವರ ಹೆಸರಿರಲಿಲ್ಲ. ಇಬ್ಬರು ಮೂವರು ಕೂರುವ ಸಣ್ಣ ವಿಮಾನಗಳನ್ನು ರೂಪಿಸುವುದು ಅವರ ಕಸುಬು. ಇಟಲಿಯ ಬೆಟ್ಟದ ತಪ್ಪಲಿನ ಊರೊಂದರಲ್ಲಿ, ಮೀಸೆ ಚಿಗುರುವ ವಯಸ್ಸಿಗೇ ಮರದ ಗ್ಲೈಡರ್ ಮಾಡುವವನ ಹತ್ತಿರ ಕೆಲಸಕ್ಕೆ ಸೇರಿದವರು. ಮುಂದೆ ಒಂದು ಕಂಪನಿಗೆ ಅವರು ನಕ್ಷೆ ಬರೆದುಕೊಟ್ಟ ಎರಡು ಸೀಟಿನ ವಿಮಾನವನ್ನು ಅಲ್ಲಿನ ಫ್ಲೈಯಿಂಗ್ ಕ್ಲಬ್ಬುಗಳು ತುಂಬ ಹಚ್ಚಿಕೊಂಡವಂತೆ. ಮೂತಿಯ ಮೇಲೆ ಇದ್ದದ್ದು ಕಂಪನಿಯ ಯಜಮಾನನ ಹೆಸರು. ಆಮೇಲೆ ಸ್ವಂತ ಕಾರ್ಖಾನೆ ಹಾಕಿದರು. ಒಂದು ಅಪಘಾತ ಆಯಿತು, ಕಾರ್ಖಾನೆ ಮುಚ್ಚಿತು. ಅಲ್ಲಿಂದ ಮುಂದಕ್ಕೆ ಒಂದು ದೇಶದಲ್ಲಿ ಯಾರದೋ ವಿಮಾನಕ್ಕೆ ಬಾಲ, ಇನ್ನೊಂದು ದೇಶದಲ್ಲಿ ಇನ್ಯಾರದೋ ವಿಮಾನಕ್ಕೆ ರೆಕ್ಕೆ, ಹೀಗೇ ಚೂರುಚೂರಾಗಿ ಬದುಕಿದರು. "ಇಡೀ ವಿಮಾನ ಮಾಡಿ ಎಷ್ಟೋ ವರ್ಷವಾಯಿತು. ನಾನು ಬಿಡಿಭಾಗದ ಅಂಗಡಿ" ಎಂದು ತಮಾಷೆ ಮಾಡುತ್ತಿದ್ದರು.

ಇಂಥವರಿಗೂ ಧಾರವಾಡದವನಾದ ನನಗೂ ಎಲ್ಲಿಂದೆಲ್ಲಿಯ ಸಂಬಂಧ ಎಂದರೆ, ನಡುಕ. ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರಲ್ಲಿ ನಾನು ಸೇವೆಯುದ್ದಕ್ಕೂ ಮಾಡಿದ್ದು ಯಂತ್ರಗಳನ್ನು ಅಲ್ಲಾಡಿಸಿ, ಎಲ್ಲಿ ಬಿರಿಯುತ್ತವೆ ಎಂದು ನೋಡುವ ಕೆಲಸ. ನನ್ನಾಕೆ ನೆಂಟರಿಗೆಲ್ಲ ಹೇಳುತ್ತಿದ್ದಳು: "ನಮ್ಮವರು ಆಫೀಸಿನ್ಯಾಗ ಜಗತ್ತೆಲ್ಲಾ ಅಲ್ಲಾಡಸ್ತಾರ. ಮನ್ಯಾಗ ಒಂದು ಕುರ್ಚಿ ಸರಸಂಗಿಲ್ಲ." ನಿವೃತ್ತಿಯಾದ ಮೇಲೆ ಊರಿಗೆ ಹೋಗುವುದೋ ಬಿಡುವುದೋ ಎಂದು ಯೋಚಿಸುತ್ತ ಕೂತಿದ್ದಾಗ, ಹಳೆಯ ಸಹೋದ್ಯೋಗಿಯೊಬ್ಬರು ಕೊಚ್ಚಿಯಲ್ಲಿ ಒಂದು ಸಣ್ಣ ವಿಮಾನ ತಯಾರಾಗುತ್ತಿದೆ, ಅದರ ನಡುಕದ ಪರೀಕ್ಷೆಗೆ ಜನ ಬೇಕಂತೆ ಎಂದರು. ಹೋದೆ. ಹಾಗೆ ವಾರಕ್ಕೊಮ್ಮೆ ಎರ್ನಾಕುಲಂ ರೈಲು ಹತ್ತುವುದು ಶುರುವಾಯಿತು.

ಅವರನ್ನು ಕೊಚ್ಚಿಗೆ ಕರೆಸಿದ್ದು ಮಟ್ಟಾಂಚೇರಿಯ ಒಬ್ಬ ಸಾಹುಕಾರ. ತಲೆಮಾರುಗಳಿಂದ ಮೆಣಸು, ಶುಂಠಿಯ ವ್ಯಾಪಾರದ ಮನೆ. ಎಲ್ಲರೂ ಅವರನ್ನು ಮುದಲಾಳಿ, ಅಂದರೆ ಯಜಮಾನರು ಎಂದೇ ಕರೆಯುತ್ತಿದ್ದರು. ಹಿನ್ನೀರಿನ ಮೇಲೆ ಇಳಿದು ಏಳುವ, ಇಬ್ಬರು ಕೂರುವ ವಿಮಾನ ತಮ್ಮದೇ ಶೆಡ್ಡಿನಲ್ಲಿ ಆಗಬೇಕು ಎಂಬುದು ಅವರ ಆಸೆ. ಕಳಮಶ್ಶೇರಿಯಲ್ಲಿ ಮುಚ್ಚಿಹೋದ ಕಾರ್ಖಾನೆಯ ಶೆಡ್ಡೊಂದು ಅವರದಿತ್ತು. ಮರದ ಚೌಕಟ್ಟು, ಮೇಲೆ ಬಟ್ಟೆ ಹೊದಿಕೆ, ಅಡಿಯಲ್ಲಿ ದೋಣಿಯಂಥ ಹೊಟ್ಟೆ. ಮರದ ಕೆಲಸಕ್ಕೆ ದೋಣಿ ಕಟ್ಟುವವರೇ ಬಂದರು, ಅವರ ಮೇಸ್ತ್ರಿ ಅಂತಪ್ಪನ್. ಅವನ ಅಪ್ಪ, ಅಜ್ಜ ಎಲ್ಲ ವಳ್ಳ, ಅಂದರೆ ಅಲ್ಲಿನ ದೋಣಿ, ಕಟ್ಟಿದವರು.

ಮೊದಮೊದಲು ಆ ಗುಂಪು ಇವರನ್ನು ಸಾಯಿಪ್ಪ್ ಎನ್ನುತ್ತಿತ್ತು. ಬಿಳಿಯರಿಗೆಲ್ಲ ಅಲ್ಲಿ ಅದೇ ಹೆಸರು. ದಿನವೂ ಜಗಳ. ದೋಣಿಯವನಿಗೆ ತೂಕವೆಂದರೆ ನಂಬಿಕೆ, ಇವರಿಗೆ ತೂಕವೆಂದರೆ ವೈರಿ. ಅಂತಪ್ಪನ್ ಒಂದು ಪಟ್ಟಿಯನ್ನು ಚೂರು ದಪ್ಪ ಬಿಟ್ಟರೆ ಇವರು ಅದನ್ನು ಕಿತ್ತು ತೂಗಿ ಅವನ ಮುಖದೆದುರು ಹಿಡಿಯುವರು. "ಸಾಯಿಪ್ಪೇ, ಇಷ್ಟು ತೆಳ್ಳಗಾದ್ರೆ ನನ್ನ ಮೊಮ್ಮಗಳು ಕೂತ್ರೂ ಮುರಿಯತ್ತೆ" ಎಂದು ಅವನು ಮಲಯಾಳದಲ್ಲಿ ಕೂಗುವನು. ಇವರು ಇಟಾಲಿಯನ್ನಿನಲ್ಲಿ ಕೂಗುವರು. ನಡುವೆ ನಾನು ಇಂಗ್ಲಿಷಿನಲ್ಲಿ ಇಬ್ಬರಿಗೂ ಸಮಾಧಾನ ಹೇಳುವುದು, ಇಬ್ಬರೂ ಸೇರಿ ನನ್ನನ್ನು ಗದರುವುದು. ಒಂದು ದಿನ ಅಂತಪ್ಪನಿಗೆ ಹಟ ಬಂದು, ಇವರು ಬರೆದ ರೆಕ್ಕೆಯ ತೆಳ್ಳನೆಯ ಮರದ ಕಂಬಿಯ ಮೇಲೆ ಒಂದೊಂದಾಗಿ ಮರಳಿನ ಚೀಲ ಹೇರಿದ. ಕಂಬಿ ಬಿಲ್ಲಿನಂತೆ ಬಾಗಿತು, ಮುರಿಯಲಿಲ್ಲ. ಚೀಲ ತೆಗೆದ ಮೇಲೆ ಎದ್ದು ನೆಟ್ಟಗಾಯಿತು. ಅವನು ತುಂಬ ಹೊತ್ತು ಅದನ್ನು ಕೈಯಿಂದ ಸವರುತ್ತ ನಿಂತಿದ್ದ. ಮರುದಿನದಿಂದ ಸಾಯಿಪ್ಪ್ ಹೋಗಿ ಆಶಾನ್ ಆದರು. ಆಶಾನ್ ಎಂದರೆ ಅಲ್ಲಿ ಗುರು. ದೋಣಿಯವರು ಆ ಮಾತನ್ನು ಸುಮ್ಮಸುಮ್ಮನೆ ಯಾರಿಗೂ ಕೊಡುವುದಿಲ್ಲ.

ಅವರು ತಿರುವನಂತಪುರದ ನಮ್ಮ ಮನೆಗೂ ಒಂದೆರಡು ಸಲ ಬಂದಿದ್ದರು. ಮೊದಲ ಸಲ ನನ್ನಾಕೆ ಖಡಕ್ ಜೋಳದ ರೊಟ್ಟಿ ಬಡಿಸಿದಳು. ಇವರು ರೊಟ್ಟಿಯನ್ನು ತಟ್ಟೆಯಿಂದ ಎತ್ತಿ, ಬೆಳಕಿಗೆ ಹಿಡಿದು, ಉಗುರಿನಿಂದ ಬಡಿದು ಸದ್ದು ಕೇಳಿ, ಜೇಬಿಗೆ ಕೈ ಹಾಕಿದರು. ತಕ್ಕಡಿ ಬಂತು.

"ಅಯ್ಯ! ತಿನ್ನೂದು ಬಿಟ್ಟು ತೂಗಾಕ ಕುಂತ್ರಲ್ರಿ ಇವರು!" ಎಂದು ಆಕೆ ಬಾಗಿಲ ಮರೆಗೆ ಹೋಗಿ ನಕ್ಕಳು.

"ಕೇಳಿ ನಿಮ್ಮ ಹೆಂಡತಿಯನ್ನು, ಇಷ್ಟು ಹಗುರ ಇಷ್ಟು ಬಿಗಿ ಎರಡೂ ಒಟ್ಟಿಗೆ ಹೇಗೆ ಬರುತ್ತದೆ?" ಎಂದು ಅವರು ನಿಜವಾಗಿಯೂ ಕೇಳಿದರು. ಆಕೆ ಹಿಟ್ಟು ನಾದುವುದನ್ನೂ ಬಡಿಯುವುದನ್ನೂ ತೋರಿಸಿದಳು. ಅವರು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು ನೋಡಿದರು. ಕೇರಳದಲ್ಲೇ ಹುಟ್ಟಿ ಬೆಳೆದ ನನ್ನ ಮಗಳು "ಅಮ್ಮೇ, ಇದು ಎಂದಾ ಇವಿಡೆ ನಡಕ್ಕುನ್ನದ್" ಎಂದು, ಇಲ್ಲೇನು ನಡೆದಿದೆ ಎನ್ನುತ್ತ ಬಂದವಳು, ಹಣೆಗೆ ಹಿಟ್ಟು ಮೆತ್ತಿಕೊಂಡ ಇಟಲಿಯವರನ್ನು ಕಂಡು ಬಾಗಿಲಲ್ಲೇ ನಿಂತಳು. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಏಕೆಂದರೆ ಉಳಿದ ದಿನಗಳೆಲ್ಲ ಕಾಯುವುದರಲ್ಲೇ ಹೋದವು. ಎಂಜಿನ್ನು ಬಂದಿಳಿದರೂ ವಲ್ಲಾರ್ಪಾಡಂ ಬಂದರಿನಿಂದ ಹೊರಗೆ ಬರಲು ತಿಂಗಳುಗಟ್ಟಲೆ ಹಿಡಿಯಿತು. ಅವರು ದಿನಾ ಆ ಗೇಟಿನ ತನಕ ಹೋಗಿ, ಒಂದರ ಮೇಲೊಂದು ಪೇರಿಸಿದ ಕಂಟೇನರುಗಳನ್ನು ನೋಡುತ್ತ ನಿಲ್ಲುವರು. ಒಳಗೆ ಬಿಡುವುದಿಲ್ಲ ಎಂದು ಗೊತ್ತು, ಆದರೂ ನಿಲ್ಲುವರು. ಕೊಚ್ಚಿಯ ಗಾಳಿಯ ನೀರನ್ನೆಲ್ಲ ಮರ ಕುಡಿದು ಕುಡಿದು ರೆಕ್ಕೆ ಭಾರವಾಯಿತು. ಒಣಗಿದ ಸೀಮೆಯ ಲೆಕ್ಕ ಈ ಸೀಮೆಗೆ ಒಗ್ಗಲಿಲ್ಲ. ಮಳೆಗಾಲದ ಒಂದು ಮುಂಜಾನೆ ನಾನು ಶೆಡ್ಡಿಗೆ ಹೋದಾಗ ಅವರು ರೆಕ್ಕೆಯ ಪಕ್ಕ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ, "ಇದು ದಿನಾ ದಪ್ಪಗಾಗುತ್ತಿದೆ, ನಾನು ದಿನಾ ಮುದುಕನಾಗುತ್ತಿದ್ದೇನೆ" ಎಂದರು. ಆ ಹೊತ್ತಿಗೆ ಅವರ ಬಲಗೈ ಸಣ್ಣಗೆ ನಡುಗಲು ಶುರುವಾಗಿತ್ತು. ಪೆನ್ಸಿಲ್ಲನ್ನು ಎಡಗೈಯಿಂದ ಒತ್ತಿ ಹಿಡಿದು ಗೆರೆ ಎಳೆಯುತ್ತಿದ್ದರು. ನಡುಕದ ತಜ್ಞ ನಾನು, ಆ ನಡುಕ ಕಂಡಾಗ ಮಾತ್ರ ಆಚೆ ನೋಡುತ್ತಿದ್ದೆ.

ಮುದಲಾಳಿಗೂ ತಾಳ್ಮೆ ತೀರುತ್ತ ಬಂದಿತ್ತು. ಮನೆಯಲ್ಲಿ ತಮ್ಮಂದಿರು ಆ ಶೆಡ್ಡನ್ನು ಗೋದಾಮು ಮಾಡಬೇಕೆಂದು ಹಟ ಹಿಡಿದಿದ್ದರು. ಕೊನೆಗೆ ಮುದಲಾಳಿ ನನ್ನೆದುರಿಗೇ ಹೇಳಿದರು, "ಮುಂದಿನ ಮಳೆಗಾಲ ಹಿಡಿಯುವ ಮೊದಲು ಒಂದು ಸಲ ಮೇಲೇಳಲಿ. ಎದ್ದರೆ ಮುಂದಿನದನ್ನು ನಾನು ನೋಡಿಕೊಳ್ಳುತ್ತೇನೆ. ಏಳದಿದ್ದರೆ ಸಾಕು." ಆಶಾನ್ ತಲೆಯಾಡಿಸಿದರು. ಆ ರಾಜ್ಯದಲ್ಲಷ್ಟೇ ಅಲ್ಲ, ಭೂಮಿಯ ಮೇಲೆ ಎಲ್ಲಿಯೂ ಅವರನ್ನು ಮತ್ತೆ ಕರೆದು ವಿಮಾನ ಮಾಡಿ ಎನ್ನುವವರು ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಲ್ಲಿ ಬಾಲದ ವಿಷಯ ಒಂದಿಷ್ಟು ಹೇಳಲೇಬೇಕು. ವಿಮಾನದ ಬಾಲದ ಅಡ್ಡರೆಕ್ಕೆಯ ಹಿಂದೆ ಕೀಲಿನಿಂದ ಸಿಕ್ಕಿಸಿದ ಒಂದು ಹಲಗೆ ಇರುತ್ತದೆ, ಎಲಿವೇಟರ್ ಎನ್ನುತ್ತಾರೆ. ಅದು ಮೇಲೆ ಕೆಳಗೆ ಆಡಿದರೆ ವಿಮಾನ ಮೂತಿ ಎತ್ತುತ್ತದೆ, ಇಳಿಸುತ್ತದೆ. ಕೀಲಿನ ಹಿಂದಿನ ಭಾಗ ಒಂದು ಹಿಡಿಯಷ್ಟು ಭಾರವಾದರೂ ಸಾಕು, ವೇಗ ಏರಿದಾಗ ಆ ಹಲಗೆ ತಾನಾಗಿ ಪಟಪಟ ಹೊಡೆದುಕೊಳ್ಳಲು ಶುರುಮಾಡಬಹುದು. ಶುರುವಾದರೆ ಪೈಲಟ್ಟು ಏನು ಎಂದು ತಿರುಗಿ ನೋಡುವಷ್ಟರಲ್ಲಿ ಬಾಲ ಕಿತ್ತು ಹೋಗಿರುತ್ತದೆ. ಅದಕ್ಕೇ ಬಟ್ಟೆ ಹೊದಿಸಿ ಬಣ್ಣ ಹೊಡೆದಾದ ಮೇಲೆ ಆ ಹಲಗೆಯನ್ನು ಕೀಲಿನ ಮೇಲೆ ತೂಗಿ, ಕೀಲಿನ ಮುಂಬದಿಗೆ ಸೀಸದ ಚೂರು ಕಟ್ಟಿ ಸಮ ಮಾಡುತ್ತಾರೆ. ಆಶಾನ್ ಅದನ್ನು ಮಾಡಿದ ದಿನ ಶೆಡ್ಡಿನ ಫ್ಯಾನುಗಳನ್ನೆಲ್ಲ ನಿಲ್ಲಿಸಿದ್ದರು. ಎರಡು ಕುರ್ಚಿಗಳ ನಡುವೆ ಹಲಗೆ ತೂಗುತ್ತಿತ್ತು. ಬೆವರು ಸುರಿಸುತ್ತ ಎಲ್ಲರೂ ಉಸಿರು ಬಿಗಿಹಿಡಿದು ನಿಂತಿದ್ದೆವು. ಹಲಗೆ ನೆಲಕ್ಕೆ ಸಮವಾಗಿ ನಿಂತಿತು. ವಿಮಾನ ಇಲಾಖೆಯ ಇನ್‌ಸ್ಪೆಕ್ಟರ್ ನೋಡಿ ಸಹಿ ಹಾಕಿದರು. ಇನ್ನು ಮುಟ್ಟುವಂತಿಲ್ಲ ಎಂದು ನಾನೇ ಎಲ್ಲರಿಗೂ ಮಲಯಾಳದಲ್ಲಿ ಹೇಳಿದೆ. ಮರದ ಕೆಲಸ ಮುಗಿಯಿತು ಎಂದು ಅಂತಪ್ಪನ್ ಕೈ ತೊಳೆದುಕೊಂಡ.

ಮಳೆ ಬರುವ ಮುನ್ನ ಹಾರಾಟಕ್ಕೆ ಕೆಲವೇ ದಿನಗಳ ಅನುಮತಿ ಸಿಕ್ಕಿತು. ವಿಮಾನವನ್ನು ಲಾರಿಯ ಮೇಲೆ ಹೇರಿ, ವಲ್ಲಾರ್ಪಾಡಂ ದಾಟಿ ಹಿನ್ನೀರಿನ ಅಂಚಿನ ಒಂದು ತಾತ್ಕಾಲಿಕ ಚಪ್ಪರಕ್ಕೆ ತಂದೆವು. ಪೈಲಟ್ಟನ ಪಕ್ಕದ ಸೀಟಿನಲ್ಲಿ ತಾವೇ ಕೂರುವುದೆಂದು ಆಶಾನ್ ಹಟ ಹಿಡಿದಿದ್ದರು. ನಕ್ಷೆ ಬರೆದವನು ಕೂರಬೇಕು, ಅದು ತಮ್ಮ ಗುರುವಿನ ಪದ್ಧತಿ ಎಂದರು. ಹಾರಾಟದ ಹಿಂದಿನ ಸಂಜೆ ಮುದಲಾಳಿ ನಮ್ಮಿಬ್ಬರನ್ನೂ ಮಟ್ಟಾಂಚೇರಿಯ ಮನೆಗೆ ಊಟಕ್ಕೆ ಕರೆದರು. ಊಟದಲ್ಲಿ ಆಶಾನ್ ಒಂದೂ ವಸ್ತುವನ್ನು ತೂಗಲಿಲ್ಲ. ಅದನ್ನು ನಾನು ಒಳ್ಳೆಯ ಲಕ್ಷಣ ಎಂದುಕೊಂಡೆ.

ಬೆಳಿಗ್ಗೆ ಚಪ್ಪರದ ಹತ್ತಿರ ಬಂದರೆ ಅಂತಪ್ಪನ್ ಮತ್ತು ಅವನ ಜನ ಬಿಳಿ ಮುಂಡು ಉಟ್ಟು ಸಾಲಾಗಿ ನಿಂತಿದ್ದಾರೆ. ವಿಮಾನದ ಬಾಲ ಪೂರ್ತಿ ಕೆಂಪಗೆ ಹೊಳೆಯುತ್ತಿದೆ. ದೋಣಿಗೆ ಬಳಿಯುವ ದಪ್ಪ ಬಣ್ಣ, ಒಂದರ ಮೇಲೊಂದು ಕೈ, ಅಂಚಿಗೆ ಹಳದಿ ಗೆರೆ.

ಅಂತಪ್ಪನ ಮನೆತನದಲ್ಲಿ ಹೊಸ ದೋಣಿಯನ್ನು ನೀರಿಗಿಳಿಸುವ ಮುನ್ನ ಅದರ ಹಿಂಬದಿಗೆ, ಅವರು ಅಮರಂ ಎನ್ನುವ ಆ ಎತ್ತರದ ಭಾಗಕ್ಕೆ, ಮೇಸ್ತ್ರಿ ತನ್ನ ಕೈಯಾರೆ ಹೊಸ ಬಣ್ಣ ಕೊಡಬೇಕು. ಕೊಡದೆ ಇಳಿಸಿದರೆ ಕಟ್ಟಿದವನಿಗೂ ಅವಮಾನ, ಗುರುವಿಗೂ ಅವಮಾನ. ಹಿಂದಿನ ಸಂಜೆ ನಾವು ಊಟಕ್ಕೆ ಹೋಗಿದ್ದಾಗ ಬಳಿದು, ರಾತ್ರಿಯೆಲ್ಲ ದೀಪದ ಶಾಖ ಕೊಟ್ಟು ಒಣಗಿಸಿದ್ದರು. ತೂಕವೆಂದರೆ ಮರದ್ದು ಎಂದು ಅವನು ತಿಳಿದಿದ್ದ. ಬಣ್ಣ ಅವನ ಲೆಕ್ಕದಲ್ಲಿ ತೂಕವಲ್ಲ, ಮರ್ಯಾದೆ. ಮುಟ್ಟಬೇಡಿ ಎಂದು ನಾನು ಹೇಳಿದ್ದು ಉಳಿ, ಗರಗಸಕ್ಕೆ ಸಂಬಂಧಿಸಿದ್ದು ಎಂದೇ ಅವನಿಗೆ ಅರ್ಥವಾಗಿತ್ತು.

ಆಶಾನ್ ನಿಂತಲ್ಲೇ ನಿಂತರು. ಆಮೇಲೆ ಮೆಲ್ಲಗೆ ಬಾಲದ ಹತ್ತಿರ ಹೋಗಿ ಎಲಿವೇಟರಿನ ಹಿಂದಿನ ಅಂಚಿಗೆ ಎರಡು ಬೆರಳು ಕೊಟ್ಟು ಎತ್ತಿದರು. ಕಣ್ಣು ಮುಚ್ಚಿದರು. ಅಷ್ಟೇ, ತಕ್ಕಡಿ ತೆಗೆಯಲಿಲ್ಲ. ಹಲಗೆಯನ್ನು ಆಡಿಸುವ ತಂತಿ ಬಿಡಿಸಿ ಕೈಬಿಟ್ಟರು. ಹಲಗೆಯ ಹಿಂಬದಿ ದೊಪ್ಪನೆ ಕೆಳಗೆ ಬಿತ್ತು. ನಾನು ಅವರ ಮುಖ ನೋಡಿದೆ. ಹೆಣ ನೋಡಿ ಬಂದವರ ಮುಖ ಹಾಗಿರುತ್ತದೆ.

"ಆಶಾನೇ, ಇಷ್ಟ ಆಯ್ತಾ?" ಎಂದು ಅಂತಪ್ಪನ್ ಕೇಳಿದ. ಅವನ ಕಣ್ಣಲ್ಲಿ ನೀರಾಡುತ್ತಿತ್ತು.

ಅವರು ಅವನ ಭುಜವನ್ನು ಎರಡೂ ಕೈಯಿಂದ ಹಿಡಿದು, "ಸುಂದರಂ, ಅಂತಪ್ಪಾ. ವಳರೆ ಸುಂದರಂ" ಎಂದರು. ಬಹಳ ಚೆನ್ನಾಗಿದೆ ಎನ್ನುವಷ್ಟು ಮಲಯಾಳ ಅವರಿಗೆ ಬರುತ್ತಿತ್ತು. ಬಲಗೈ ನಡುಗುತ್ತಿತ್ತು. ಅದು ಹಳೆಯ ನಡುಕವೋ ಹೊಸದೋ ನನಗೆ ಹೇಳಲಾಗದು.

ಮುದಲಾಳಿ, ಅವರ ತಮ್ಮಂದಿರು, ಅತಿಥಿಗಳು ಎಲ್ಲ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಶಾನ್ ನೇರವಾಗಿ ಅಲ್ಲಿಗೆ ಹೋದರು. ನಾನು ಹಿಂದೆಯೇ ಓಡಿದೆ. ಬಣ್ಣದ ವಿಷಯ ಹೇಳುತ್ತಾರೆ, ಸೀಸ ಕಟ್ಟಿ ಸರಿಮಾಡಲು ದಿನ ಕೇಳುತ್ತಾರೆ, ಇನ್‌ಸ್ಪೆಕ್ಟರ್ ಮತ್ತೆ ಬರಬೇಕು, ಮಳೆಗಾಲ ಮುಗಿಯುವ ತನಕ ಸಮಯ ಬೇಡಿಕೊಳ್ಳಬೇಕು ಎಂದೆಲ್ಲ ನನ್ನ ತಲೆ ಓಡುತ್ತಿತ್ತು. ಅವರು ಹೇಳಿದ್ದು ಇಷ್ಟು:

"ಬಾಲದ ಲೆಕ್ಕದಲ್ಲಿ ನಾನು ತಪ್ಪಿದ್ದೇನೆ. ಈಗ ಗೊತ್ತಾಯಿತು. ಇದು ಹಾರುವುದಿಲ್ಲ."

ಮುದಲಾಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಒಂದೇ ಸುತ್ತು. ನಿಧಾನಕ್ಕೆ. ನೀರಿನಿಂದ ಆಳೆತ್ತರ ಎದ್ದು ಇಳಿದರೂ ಸಾಕು" ಎಂದರು. ಪೈಲಟ್ಟೂ ಒಪ್ಪಿದ. ನಿಜ ಹೇಳಬೇಕೆಂದರೆ, ಆ ನಿಧಾನದಲ್ಲಿ ಬಹುಶಃ ಏನೂ ಆಗುತ್ತಿರಲಿಲ್ಲ. ಮುದಲಾಳಿ ನನ್ನ ಕಡೆ ತಿರುಗಿ ಕೇಳಿದಾಗ ಹಾಗೆಯೇ ಹೇಳಿದೆ, ಬಹುಶಃ ಎಂಬುದನ್ನೂ ಸೇರಿಸಿ. ಆಶಾನ್ ನನ್ನನ್ನು ನೋಡಲಿಲ್ಲ. ಇಲ್ಲ ಎಂದರು, ಮತ್ತೊಮ್ಮೆ ಇಲ್ಲ ಎಂದರು.

ಮುದಲಾಳಿ ಕೆಟ್ಟವರಲ್ಲ. ಸಿಟ್ಟಿನಲ್ಲೂ ಅವರ ದನಿ ಏರಲಿಲ್ಲ. "ಬೇರೆ ಯಾರಾದರೂ ಕೆಡಿಸಿದ್ದರೆ ನಾನು ಇನ್ನೊಂದು ವರ್ಷ ಕಾಯುತ್ತಿದ್ದೆ. ಕೆಡಿಸಿದವನನ್ನು ಓಡಿಸಿ ನಿಮ್ಮನ್ನು ಉಳಿಸಿಕೊಳ್ಳುತ್ತಿದ್ದೆ. ಲೆಕ್ಕ ಹಾಕಿದವರೇ ತಪ್ಪಿದೆ ಎಂದರೆ ಇನ್ನು ಉಳಿದ ವಿಮಾನವನ್ನು ಯಾವ ಧೈರ್ಯದಿಂದ ನಂಬಲಿ?" ಎಂದರು. ಎದ್ದು ಕಾರಿನ ಕಡೆ ನಡೆದರು. ಬಾಯಿ ಬಿಡಲು ನಾನು ಒಂದು ಹೆಜ್ಜೆ ಮುಂದಿಟ್ಟಾಗ ಆಶಾನ್ ನನ್ನ ಮೊಣಕೈ ಹಿಡಿದರು. ಆ ಹಿಡಿತದಲ್ಲಿ ನಡುಕವಿರಲಿಲ್ಲ.

ಅವರನ್ನು ಆ ದಿನ ಅಲ್ಲಿ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ. ತಿರುವನಂತಪುರಕ್ಕೆ ಕರೆದುಕೊಂಡು ಬಂದೆ. ಮನೆಗೆ ಬಂದ ಮೇಲೆ ನನ್ನ ತಾಳ್ಮೆ ತಪ್ಪಿತು. "ನಿಮಗೆ ಹುಚ್ಚು ಹಿಡಿದಿದೆಯಾ? ನಿಜ ಹೇಳಿದ್ದರೆ ಮುಂದಿನ ವರ್ಷ ವಿಮಾನ ಹಾರುತ್ತಿತ್ತು. ಒಬ್ಬ ಮೇಸ್ತ್ರಿಗೆ ಬೈಗುಳ ಬೀಳುತ್ತಿತ್ತು, ಕೆಲಸ ಹೋಗುತ್ತಿತ್ತು. ಅವನು ದೋಣಿ ಕಟ್ಟಿಕೊಂಡು ಬದುಕುತ್ತಿದ್ದ. ನಿಮಗೇನು ಉಳಿಯಿತು?" ಎಂದು ಕೂಗಾಡಿದೆ. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ, ಸಿಟ್ಟು ಮಾತ್ರ ಧಾರವಾಡದ್ದು. ಒಳಗಿನಿಂದ ನನ್ನಾಕೆ, "ಮುದುಕ ಮನಷ್ಯಾ ಅದಾರ್ರಿ, ಸಾವಕಾಶ ಮಾತಾಡ್ರಿ" ಎಂದಳು.

ಆಗ ಹೇಳಿದರು. ಅವರ ಸ್ವಂತ ಕಾರ್ಖಾನೆಯ ವಿಮಾನವೊಂದು ಒಂದು ಕ್ಲಬ್ಬಿನಲ್ಲಿತ್ತು. ಅಲ್ಲಿನ ಮೆಕ್ಯಾನಿಕ್ ಒಬ್ಬ, ಅದರ ಮೇಲಿನ ಪ್ರೀತಿಯಿಂದಲೇ, ಬಾಲಕ್ಕೆ ಹೊಸ ಬಣ್ಣ ಹೊಡೆದ. ಮತ್ತೆ ತೂಗಬೇಕೆಂದು ಅವನಿಗೆ ಹೊಳೆಯಲಿಲ್ಲ. ಕಲಿಯುತ್ತಿದ್ದ ಹುಡುಗಿಯೊಬ್ಬಳು ಹಾರಿದಳು, ಬಾಲ ಕಿತ್ತು ಹೋಯಿತು. ವಿಚಾರಣೆಯಲ್ಲಿ ಇವರು ಗ್ರಾಂ ಗ್ರಾಂ ಲೆಕ್ಕ ಇಟ್ಟು ವಿಮಾನದ ತಪ್ಪಿಲ್ಲ, ಬಣ್ಣದ ತಪ್ಪು ಎಂದು ಸಾಬೀತು ಮಾಡಿದರು. ಗೆದ್ದರು. ಗೆದ್ದ ಖುಷಿಯಲ್ಲಿ ಗೆಳೆಯರಿಗೆ ಊಟ ಹಾಕಿಸಿದರು.

"ತಿಂಗಳಾಗುವಷ್ಟರಲ್ಲಿ ಆ ಮೆಕ್ಯಾನಿಕ್ ತನ್ನ ಜೀವ ತೆಗೆದುಕೊಂಡ" ಎಂದರು. "ನನ್ನ ಕಾರ್ಖಾನೆ ಹೇಗೂ ಮುಚ್ಚಿತು. ಜನ ಸತ್ತ ವಿಮಾನವನ್ನು, ತಪ್ಪು ಯಾರದೇ ಆಗಿರಲಿ, ಯಾರೂ ಕೊಳ್ಳುವುದಿಲ್ಲ. ನಾನು ಸರಿ ಎಂದು ಸಾಬೀತಾದದ್ದು ಮಾತ್ರ ಉಳಿಯಿತು. ಅದನ್ನು ಇಟ್ಟುಕೊಂಡು ನಾನು ಏನು ಮಾಡಿದೆ ಹೇಳಿ?"

ಆದರೂ ಹೇಳಿದೆ, "ಅಂತಪ್ಪನ್ ಅಷ್ಟು ಮೆತ್ತಗಿನವನಲ್ಲ."

"ಅವನೂ ಮೆತ್ತಗಿರಲಿಲ್ಲ" ಎಂದರು.

ಆಮೇಲೆ ಅವರು ಅತ್ತರು. ಎಪ್ಪತ್ತು ದಾಟಿದ ಗಂಡಸು, ನಮ್ಮ ಊಟದ ಮೇಜಿಗೆ ಹಣೆ ಒತ್ತಿ, ದೊಡ್ಡ ದನಿಯಲ್ಲಿ ಅತ್ತರು. ತಮ್ಮ ಒಳ್ಳೆಯತನಕ್ಕೆ ತೃಪ್ತಿಪಟ್ಟ ಸಂತನ ಅಳು ಅದಲ್ಲ. ಕೈಗೆ ಬಂದ ವಿಮಾನವನ್ನು ಕಳೆದುಕೊಂಡವನ ಅಳು. "ಅದು ಹಾರುತ್ತಿತ್ತು, ನಿಮಗೆ ಗೊತ್ತಲ್ಲ, ಅದು ಹಾರುತ್ತಿತ್ತು" ಎಂದು ಮತ್ತೆ ಮತ್ತೆ ಕೇಳಿದರು. ಗೊತ್ತು ಎಂದೆ. ನನ್ನಾಕೆ ನೀರು ತಂದಿಟ್ಟಳು. ಅವರು ಆ ಲೋಟವನ್ನು ತುಂಬ ಹೊತ್ತು ಮುಟ್ಟಲಿಲ್ಲ.

ಹೊರಡುವ ದಿನ ವಿಮಾನ ನಿಲ್ದಾಣದ ಬಾಗಿಲಲ್ಲಿ ನನ್ನಿಂದ ಮಾತು ತೆಗೆದುಕೊಂಡರು. ಅಂತಪ್ಪನಿಗೆ ಎಂದಿಗೂ ತಿಳಿಯಬಾರದು. ನನ್ನ ಕಾಲದಲ್ಲಲ್ಲ, ನನ್ನ ನಂತರವೂ ಅಲ್ಲ ಎಂದರು. ಆಗಲಿ ಎಂದೆ. ಆಗಲಿ ಎನ್ನುವುದು ಎಷ್ಟು ಸುಲಭ!

ಮುಂದೆ ಅವರಿಗೆ ಎಲ್ಲಿಂದಲೂ ಕರೆ ಬರಲಿಲ್ಲ. ಸಣ್ಣ ವಿಮಾನದವರ ಲೋಕ ಸಣ್ಣದು. ಕೊಚ್ಚಿಯಲ್ಲಿ ಮುದುಕ ಬಾಲದ ಲೆಕ್ಕ ತಪ್ಪಿದನಂತೆ ಎಂಬ ಮಾತು ಎಲ್ಲ ಕಡೆ ಹೋಗಿ ಮುಟ್ಟಿತು. ಆಗೀಗ ವಿಡಿಯೋ ಕಾಲ್ ಮಾಡುತ್ತಿದ್ದರು. ಕೈ ಪೂರ್ತಿ ನಿಯಂತ್ರಣ ತಪ್ಪಿದ ಮೇಲೆ ಫೋನ್ ಹಿಡಿಯಲಾಗದೆ ಮುಖ ಬಿಟ್ಟು ಚಾವಣಿ, ಗೋಡೆ ಎಲ್ಲ ಕಾಣುತ್ತಿತ್ತು. ನನ್ನಾಕೆಯನ್ನು ಕೇಳುತ್ತಿದ್ದರು, ರೊಟ್ಟಿಯನ್ನು ಕೇಳುತ್ತಿದ್ದರು. ವಿಮಾನ ಏನಾಯಿತು ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹೇಳಬೇಕಾಗುತ್ತಿತ್ತು. ಮುದಲಾಳಿಯ ತಮ್ಮಂದಿರು ಅದರ ಎಂಜಿನ್ನು ತೆಗೆಸಿ, ತಮ್ಮ ರೆಸಾರ್ಟಿನ ಮುಂದೆ ಕಂಬದ ಮೇಲೆ ನಿಲ್ಲಿಸಿದ್ದಾರೆ. ಬಂದವರು ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಅಂತಪ್ಪನನ್ನು ಕರೆಸುತ್ತಾರೆ, ಅವನು ಬಾಲಕ್ಕೆ ಹೊಸ ಬಣ್ಣ ಕೊಟ್ಟು ಬರುತ್ತಾನೆ. ಬೇರೆ ಯಾರಿಗೂ ಮುಟ್ಟಲು ಬಿಡುವುದಿಲ್ಲವಂತೆ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿರುವುದು ಅದಕ್ಕೇ. ಇಂಗ್ಲಿಷಿನಲ್ಲಿ ಬರೆದರೆ ಅವನ ಮೊಮ್ಮಗಳು ಓದಿ ಹೇಳಿಯಾಳು. ಎಲ್ಲಿಯೂ ಇಳಿಸಲಾರದ್ದನ್ನು ಒಂದು ಕಡೆಯಾದರೂ ಇಳಿಸಬೇಕಿತ್ತು. ಆ ಮನುಷ್ಯನ ಲೆಕ್ಕ ತಪ್ಪಿರಲಿಲ್ಲ ಎಂದು ಜಗತ್ತಿನ ಯಾವುದಾದರೂ ಒಂದು ಭಾಷೆಯಲ್ಲಿ ಇರಲಿ ಎನಿಸಿತು.

ಸಾವಿನ ಸುದ್ದಿಯನ್ನು ಅಂತಪ್ಪನಿಗೆ ಹೇಳುವುದು ಮಾತ್ರ ತಪ್ಪುವಂತಿರಲಿಲ್ಲ. ನಿನ್ನೆ ಫೋನ್ ಮಾಡಿದೆ. ಹೇಳಿದೆ. "ಈಶೋಯೇ" ಎಂದು ಯೇಸುವನ್ನು ಕರೆದ. ಫೋನ್ ಇಟ್ಟುಬಿಡಲೇ ಎಂದು ನಾನು ಯೋಚಿಸುವಷ್ಟರಲ್ಲಿ ಅವನೇ ಮಾತಾಡಿದ.

"ಸಾರೇ, ಇಷ್ಟು ವರ್ಷ ಕೇಳ್ಬೇಕು ಅಂತಿದ್ದೆ, ಧೈರ್ಯ ಆಗ್ಲಿಲ್ಲ. ಅಷ್ಟು ತೂಗ್ದವರು, ಅಷ್ಟು ಅಳೆದವರು. ಆಶಾನ್ ಲೆಕ್ಕ ತಪ್ಪಿದ್ರು ಅಂದ್ರೆ ನಂಗೆ ಇವತ್ತಿಗೂ ನಂಬಿಕೆ ಬರಲ್ಲ. ನಿಮಗೆ ಎಲ್ಲಾ ಗೊತ್ತು ಸಾರೇ. ನಿಜಕ್ಕೂ ತಪ್ಪಿದ್ರಾ?"

ಸೇವೆಯುದ್ದಕ್ಕೂ ಒಂದೇ ಒಂದು ಸುಳ್ಳು ಪರೀಕ್ಷಾ ವರದಿಗೂ ನಾನು ಸಹಿ ಹಾಕಿದವನಲ್ಲ.

"ಹೌದು ಅಂತಪ್ಪಾ. ತಪ್ಪಿದ್ರು" ಎಂದೆ.

"ಪಾವಂ" ಎಂದ, ಅಯ್ಯೋ ಪಾಪ ಎನ್ನುವಂತೆ. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ವಯಸ್ಸಾಗಿತ್ತಲ್ಲ. ಹೋಗ್ಲಿ ಬಿಡಿ ಸಾರೇ, ನಮ್ಮ ಕಡೆಯಿಂದ ಅವರಿಗೆ ಏನೂ ಕಮ್ಮಿ ಆಗ್ಲಿಲ್ಲ. ಬಣ್ಣ ಚೆನ್ನಾಗಿ ಬಂದಿತ್ತು, ಅಲ್ವಾ?"

"ಬಹಳ ಚೆನ್ನಾಗಿ ಬಂದಿತ್ತು" ಎಂದೆ.